ಸೆಮಿ ಟ್ರೈಲರ್ ಲಾರಿಗಳ ಸುರಕ್ಷಿತ ಬಳಕೆ: ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಅರಿತಿರಬೇಕಾದ ಅಂಶಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಹೆಚ್.ಡಿ. ಕೋಟೆ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ಹೊರ ಊರಿನ ಮಾರುಕಟ್ಟೆಯನ್ನು ನಂಬಿಕೊಂಡಿದೆ. ವರ್ಜೀನಿಯಾ ಹೊಗೆಸೊಪ್ಪು, ಅಕ್ಕಿ, ಶುಂಠಿ, ಹತ್ತಿ, ಮುಸುಕಿನ ಜೋಳ, ಮರಮುಟ್ಟು ಇವೆಲ್ಲವೂ ಇಲ್ಲಿಂದ ದೂರದ ಕಾರ್ಖಾನೆಗಳಿಗೆ ಹಾಗೂ ಬಂದರುಗಳಿಗೆ ಹೋಗತಕ್ಕ ಸರಕುಗಳು. ಈ ನಾಲ್ಕು ತಾಲ್ಲೂಕು ಕೇಂದ್ರಗಳ ಪೈಕಿ ರೈಲು ನಿಲ್ದಾಣವಿರುವುದು ಮೈಸೂರು–ಹಾಸನ ಮಾರ್ಗದಲ್ಲಿರುವ ಕೆ.ಆರ್. ನಗರಕ್ಕೆ ಮಾತ್ರ. ಉಳಿದ ಮೂರೂ ಪಟ್ಟಣಗಳು ಸಂಪೂರ್ಣವಾಗಿ ರಸ್ತೆ ಸಾಗಣೆಯನ್ನೇ ಅವಲಂಬಿಸಿವೆ. 1984ರಲ್ಲಿ ತಂಬಾಕು ಮಂಡಳಿಯು ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದ ನಂತರ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ ಮೊದಲಾದ ಹರಾಜು ಕಟ್ಟೆಗಳಿಂದ ಋತುಮಾನದಲ್ಲಿ ಹೊರಡುವ ಲಾರಿಗಳ ಸಾಲು ನಮ್ಮೆಲ್ಲರಿಗೂ ಪರಿಚಿತವಾದುದೇ.

ಹಿಂದೆ ಈ ಸಾಗಣೆಯು ಹತ್ತು ಟನ್ನಿನ ಆರು ಚಕ್ರದ ಲಾರಿಗಳಲ್ಲಿ ನಡೆಯುತ್ತಿತ್ತು. ಈಗ ಅದೇ ಸರಕನ್ನು ಹೊರಲು ಸೆಮಿ ಟ್ರೈಲರ್‌ಗಳು ನಮ್ಮ ಗೋದಾಮುಗಳ ಮುಂದೆ ಬಂದು ನಿಲ್ಲುತ್ತಿವೆ. ಟನ್ನಿಗೆ ತಗಲುವ ಬಾಡಿಗೆ ಕಡಿಮೆಯಾಗುವುದರಿಂದ ಇದು ಸ್ವಾಗತಾರ್ಹ ಬದಲಾವಣೆ. ಆದರೆ ವಾಹನ ಬದಲಾದಷ್ಟು ವೇಗವಾಗಿ ನಮ್ಮ ಲೋಡಿಂಗ್ ಪದ್ಧತಿ ಬದಲಾಗಿಲ್ಲ. ಆರು ಚಕ್ರದ ಲಾರಿಗೆ ಸರಕು ತುಂಬಿದ ರೀತಿಯಲ್ಲೇ ಟ್ರೈಲರ್‌ಗೂ ತುಂಬಿಸಿ ಕಳುಹಿಸುವ ರೂಢಿ ಹಲವೆಡೆ ಉಳಿದುಕೊಂಡಿದೆ. ಟ್ರೈಲರ್‌ನ ಸುರಕ್ಷತೆಯ ದೊಡ್ಡ ಭಾಗವು ಚಾಲಕನು ಸ್ಟಿಯರಿಂಗ್ ಹಿಡಿಯುವ ಮೊದಲೇ, ಅಂದರೆ ಸರಕು ತುಂಬಿಸುವ ಕಟ್ಟೆಯ ಮೇಲೆಯೇ ನಿರ್ಧಾರವಾಗಿಬಿಡುತ್ತದೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ವಾಹನದ ರಚನೆ

ಸೆಮಿ ಟ್ರೈಲರ್ ಎಂಬುದು ಎರಡು ವಾಹನಗಳ ಜೋಡಣೆ. ಮುಂದಿನದು ಎಳೆಯುವ ಲಾರಿ; ಚಾಲಕರು ಇದನ್ನು ‘ಹಾರ್ಸ್’ ಎಂದು ಕರೆಯುತ್ತಾರೆ. ಹಿಂದಿನದು ಮುಂಗಾಲುಗಳಿಲ್ಲದ ಟ್ರೈಲರ್. ಟ್ರೈಲರ್‌ನ ಮುಂಭಾಗದ ಕೆಳಗಿರುವ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವು, ಹಾರ್ಸ್‌ನ ಮೇಲಿರುವ ಫಿಫ್ತ್ ವೀಲ್ ಎಂಬ ತಟ್ಟೆಯ ಬಾಯಿಯೊಳಗೆ ಕುಳಿತು ಬೀಗ ಬೀಳುತ್ತದೆ. ಇಡೀ ಜೋಡಣೆಯು ಈ ಒಂದು ಗೂಟದ ಸುತ್ತ ತಿರುಗುತ್ತದೆ. ಕಿಂಗ್‌ಪಿನ್ನಿನ ವ್ಯಾಸವು ಸಾಮಾನ್ಯವಾಗಿ ಎರಡು ಅಂಗುಲ ಮಾತ್ರ. ಮೂವತ್ತು ಟನ್ ಸರಕು ಈ ಎರಡಂಗುಲದ ಗೂಟವನ್ನು ನಂಬಿ ಚಲಿಸುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡುವ ಒಂದು ನಿಮಿಷವು ವ್ಯರ್ಥವೆನಿಸದು.

ಸರಕಿನ ಭಾರವು ಹೀಗೆ ಎರಡು ಕಡೆಗೆ ಹಂಚಿಕೆಯಾಗುತ್ತದೆ: ಒಂದು ಪಾಲು ಕಿಂಗ್‌ಪಿನ್ ಮೂಲಕ ಹಾರ್ಸ್‌ನ ಮೇಲೆ, ಇನ್ನೊಂದು ಪಾಲು ಟ್ರೈಲರ್‌ನ ಹಿಂದಿನ ಆಕ್ಸಲ್‌ಗಳ ಮೇಲೆ. ಈ ಹಂಚಿಕೆಯನ್ನು ನಿರ್ಧರಿಸುವವರು ಸರಕನ್ನು ಎಲ್ಲಿ ಇಡಬೇಕೆಂದು ಹೇಳುವ ನಮ್ಮ ಗುಮಾಸ್ತರು ಮತ್ತು ಹಮಾಲರು.

ತೂಕದ ಮಿತಿಗಳು

ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಸರಕು ವಾಹನಗಳ ಆಕ್ಸಲ್ ತೂಕದ ಮಿತಿಗಳನ್ನು ಹೆಚ್ಚಿಸಿತು. ಅದರಂತೆ ನಾಲ್ಕು ಟೈರುಗಳ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದುದು 11.5 ಟನ್ ಆಯಿತು; ಜೋಡಿ ಆಕ್ಸಲ್‌ಗೆ 19 ಇದ್ದುದು 21 ಟನ್ ಆಯಿತು; ಮೂರು ಆಕ್ಸಲ್‌ಗಳ ಗುಂಪಿಗೆ 24 ಇದ್ದುದು 27 ಟನ್ ಆಯಿತು. ಎರಡು ಆಕ್ಸಲ್‌ಗಳ ಹಾರ್ಸ್ ಮತ್ತು ಮೂರು ಆಕ್ಸಲ್‌ಗಳ ಟ್ರೈಲರ್ ಸೇರಿದ ವಾಹನಕ್ಕೆ ಒಟ್ಟು 45.5 ಟನ್, ಮೂರು ಆಕ್ಸಲ್‌ಗಳ ಹಾರ್ಸ್ ಮತ್ತು ಮೂರು ಆಕ್ಸಲ್‌ಗಳ ಟ್ರೈಲರ್ ಸೇರಿದ ವಾಹನಕ್ಕೆ ಒಟ್ಟು 55 ಟನ್ ಲೆಕ್ಕಕ್ಕೆ ಬರುತ್ತದೆ. ಇವು ವಾಹನದ ಸ್ವಂತ ತೂಕವೂ ಸೇರಿದ ಅಂಕಿಗಳು. ಆಯಾ ವಾಹನದ ನೋಂದಣಿ ಪತ್ರದಲ್ಲಿ ನಮೂದಾಗಿರುವ ತೂಕವೇ ಆ ವಾಹನಕ್ಕೆ ಅಂತಿಮ. ಹಳೆಯ ನೋಂದಣಿಯ ವಾಹನಕ್ಕೆ ಹೊಸ ಮಿತಿಯನ್ನು ಊಹಿಸಿಕೊಂಡು ತುಂಬಿಸಕೂಡದು.

ಒಟ್ಟು ತೂಕ ಮಿತಿಯೊಳಗಿದ್ದರೆ ಸಾಕೆಂಬ ಭಾವನೆ ವ್ಯಾಪಕವಾಗಿದೆ. ಇದು ಏಕೆ ಸಾಲದು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಎರಡು ಆಕ್ಸಲ್‌ಗಳ ಹಾರ್ಸ್ 7 ಟನ್, ಮೂರು ಆಕ್ಸಲ್‌ಗಳ ಟ್ರೈಲರ್ 7 ಟನ್ ತೂಗುತ್ತವೆ ಎಂದುಕೊಳ್ಳೋಣ. ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಿಂದ 28 ಟನ್ ಅಕ್ಕಿ ತುಂಬಿಸಿದರೆ ಒಟ್ಟು 42 ಟನ್. ಮಿತಿಯಾದ 45.5 ಟನ್ನಿಗಿಂತ ಇದು ಕಡಿಮೆಯೇ. ಹಾರ್ಸ್‌ನ ಮುಂದಿನ ಆಕ್ಸಲ್‌ಗೆ 7, ಹಿಂದಿನ ಆಕ್ಸಲ್‌ಗೆ 11.5, ಒಟ್ಟು 18.5 ಟನ್ ಹೊರುವ ಅವಕಾಶವಿದೆ. ಇದರಲ್ಲಿ ಹಾರ್ಸ್‌ನ ಸ್ವಂತ 7 ಟನ್ ಮತ್ತು ಟ್ರೈಲರ್‌ನ ಸ್ವಂತ ತೂಕದಲ್ಲಿ ಕಿಂಗ್‌ಪಿನ್ ಮೇಲೆ ಬೀಳುವ ಸುಮಾರು 2 ಟನ್ ಕಳೆದರೆ, ಸರಕಿನ ಪಾಲಿಗೆ ಉಳಿಯುವುದು 9.5 ಟನ್.

ಕಿಂಗ್‌ಪಿನ್ನಿನಿಂದ ಟ್ರೈಲರ್ ಆಕ್ಸಲ್‌ಗಳ ನಡುಮಧ್ಯಕ್ಕೆ 8 ಮೀಟರ್ ಅಂತರವಿದೆಯೆಂದು ಭಾವಿಸೋಣ. ಸರಕಿನ ಭಾರದ ಕೇಂದ್ರವು ಕಿಂಗ್‌ಪಿನ್ನಿನಿಂದ 5.5 ಮೀಟರ್ ಹಿಂದೆ ಬಿದ್ದರೆ, 28ನ್ನು 5.5ರಿಂದ ಗುಣಿಸಿ 8ರಿಂದ ಭಾಗಿಸಿದಾಗ 19.25 ಟನ್ ಟ್ರೈಲರ್ ಆಕ್ಸಲ್‌ಗಳ ಮೇಲೂ, ಉಳಿದ 8.75 ಟನ್ ಕಿಂಗ್‌ಪಿನ್ ಮೇಲೂ ಬೀಳುತ್ತದೆ. ಎಲ್ಲವೂ ಮಿತಿಯೊಳಗಿದೆ. ಅದೇ ಸರಕನ್ನು ಮುಂದಕ್ಕೆ ಒತ್ತಿ ಪೇರಿಸಿ ಭಾರದ ಕೇಂದ್ರವು 4.5 ಮೀಟರಿಗೆ ಬಂದರೆ ಕಿಂಗ್‌ಪಿನ್ ಮೇಲೆ 12.25 ಟನ್ ಬೀಳುತ್ತದೆ; ಇದು ಅವಕಾಶಕ್ಕಿಂತ 2.75 ಟನ್ ಹೆಚ್ಚು. ಇನ್ನು ಹಿಂದಿನ ಬಾಗಿಲ ಕಡೆ ಮಾತ್ರ ಪೇರಿಸಿ ಭಾರದ ಕೇಂದ್ರವು 7 ಮೀಟರಿಗೆ ಹೋದರೆ, ಟ್ರೈಲರ್‌ನ ಸ್ವಂತ ತೂಕದ 5 ಟನ್ ಸೇರಿ ಹಿಂದಿನ ಆಕ್ಸಲ್‌ಗಳ ಮೇಲೆ 29.5 ಟನ್ ಬಿದ್ದು 27 ಟನ್ನಿನ ಮಿತಿ ಮೀರುತ್ತದೆ. ಮೂರೂ ಸಂದರ್ಭಗಳಲ್ಲಿ ವೇಬ್ರಿಡ್ಜ್ ಚೀಟಿಯಲ್ಲಿ ಕಾಣುವ ಒಟ್ಟು ತೂಕವು 42 ಟನ್ನೇ!

ಈ ವ್ಯತ್ಯಾಸವು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಮುಂಭಾರ ಹೆಚ್ಚಾದರೆ ಹಾರ್ಸ್‌ನ ಟೈರುಗಳು ಕಾದು ಸಿಡಿಯುವ ಸಂಭವ ಹೆಚ್ಚು, ಸ್ಟಿಯರಿಂಗ್ ಗಡುಸಾಗುತ್ತದೆ. ಹಿಂಭಾರ ಹೆಚ್ಚಾದರೆ ಹಾರ್ಸ್‌ನ ಎಳೆಯುವ ಚಕ್ರಗಳಿಗೆ ರಸ್ತೆಯ ಹಿಡಿತ ತಪ್ಪಿ, ಮಳೆಯಲ್ಲಿ ಏರು ಹತ್ತುವಾಗ ಚಕ್ರ ಸುತ್ತುತ್ತದೆ, ಬ್ರೇಕ್ ಹಾಕಿದಾಗ ಹಾರ್ಸ್ ಅಡ್ಡ ತಿರುಗುತ್ತದೆ. ಆದುದರಿಂದ ಸಾಗಣೆದಾರರಿಂದ ಆಯಾ ಟ್ರೈಲರ್‌ನ ಅಳತೆಗಳನ್ನು ಮೊದಲೇ ಪಡೆದು, ಟ್ರೈಲರ್‌ನ ಪಕ್ಕದ ಪಟ್ಟಿಯ ಮೇಲೆ ಸರಕಿನ ನಡುಭಾಗ ಎಲ್ಲಿ ಬರಬೇಕೆಂಬುದಕ್ಕೆ ಸೀಮೆಸುಣ್ಣದ ಗುರುತು ಹಾಕಿಸುವುದು ಸುಲಭವಾದ ಉಪಾಯ.

ಮಿತಿ ಮೀರಿದ ಆಕ್ಸಲ್ ರಸ್ತೆಗೆ ಮಾಡುವ ಹಾನಿಯೂ ಅಲಕ್ಷಿಸತಕ್ಕದ್ದಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ರಸ್ತೆಯ ಸವೆತವು ಆಕ್ಸಲ್ ತೂಕದ ಸುಮಾರು ನಾಲ್ಕನೇ ಘಾತದ ಪ್ರಮಾಣದಲ್ಲಿ ಹೆಚ್ಚುತ್ತದೆ. ಅಂದರೆ ಶೇಕಡ 15ರಷ್ಟು ಅಧಿಕ ಭಾರವು ಶೇಕಡ 75ರಷ್ಟು ಅಧಿಕ ಸವೆತವನ್ನು ಉಂಟುಮಾಡುತ್ತದೆ. ಹರಾಜು ಕಟ್ಟೆಯಿಂದ ಹೆದ್ದಾರಿಗೆ ಸೇರುವ ನಮ್ಮ ಗ್ರಾಮೀಣ ರಸ್ತೆಗಳು ಗುಂಡಿ ಬೀಳಲು ನಮ್ಮದೇ ಲೋಡುಗಳೂ ಕಾರಣವಾಗಬಹುದು.

ಸರಕಿನ ಎತ್ತರ ಮತ್ತು ತಿರುವು

ನಮ್ಮ ಭಾಗದ ಸರಕುಗಳನ್ನು ಎರಡು ಬಗೆಯಾಗಿ ನೋಡಬಹುದು. ಅಕ್ಕಿಯಂತಹವು ಘನವಾದ ಸರಕುಗಳು. 30 ಟನ್ ಅಕ್ಕಿಯನ್ನು ನಲವತ್ತು ಅಡಿ ಉದ್ದದ ಟ್ರೈಲರ್‌ನ ಮೇಲೆ ಸಮನಾಗಿ ಹರಡಿದರೆ ಒಂದೂವರೆ ಮೀಟರ್ ಎತ್ತರಕ್ಕೂ ಬರುವುದಿಲ್ಲ. ಇಲ್ಲಿ ಜಾಗ ತುಂಬುವ ಮೊದಲೇ ತೂಕ ತುಂಬುತ್ತದೆ. ಹೊಗೆಸೊಪ್ಪಿನ ಬೇಲುಗಳು, ಹತ್ತಿಯ ಅಂಡಿಗೆಗಳು ಇದಕ್ಕೆ ವಿರುದ್ಧ. ತೂಕ ತುಂಬುವ ಮೊದಲೇ ಜಾಗ ತುಂಬಿ ಲೋಡು ಎತ್ತರಕ್ಕೆ ಏರುತ್ತದೆ. ತೂಕ ಕಡಿಮೆಯೆಂಬ ಕಾರಣಕ್ಕೆ ಇಂತಹ ಲೋಡು ಅಪಾಯರಹಿತವೆಂದು ತಿಳಿಯುವುದು ತಪ್ಪು. ವಾಹನ ಮಗುಚಿಕೊಳ್ಳುವುದು ತೂಕದಿಂದಲ್ಲ, ಭಾರದ ಕೇಂದ್ರದ ಎತ್ತರದಿಂದ.

ತಿರುವಿನಲ್ಲಿ ವಾಹನವನ್ನು ಹೊರಕ್ಕೆ ತಳ್ಳುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಈ ಬಲವು ವಾಹನದ ತೂಕದ ಕಾಲು ಭಾಗದಷ್ಟಿರುತ್ತದೆ. ವೇಗವನ್ನು 50 ಕಿ.ಮೀ.ಗೆ ಏರಿಸಿದರೆ ಅದು ತೂಕದ ಶೇಕಡ 39ರಷ್ಟಾಗುತ್ತದೆ. ಎತ್ತರವಾಗಿ ಪೇರಿಸಿದ ಟ್ರೈಲರ್‌ಗಳು ಸಾಮಾನ್ಯವಾಗಿ ತೂಕದ ಶೇಕಡ 30ರಿಂದ 40ರಷ್ಟು ಅಡ್ಡಬಲಕ್ಕೇ ಮಗುಚಿಕೊಳ್ಳುತ್ತವೆ. ಹತ್ತು ಕಿ.ಮೀ. ವೇಗದ ಅಂತರವೇ ಇಲ್ಲಿ ಮನೆ ಸೇರುವುದಕ್ಕೂ ಹಳ್ಳ ಸೇರುವುದಕ್ಕೂ ಇರುವ ಅಂತರ. ಟ್ರೈಲರ್ ಮಗುಚಲು ಆರಂಭಿಸಿದಾಗ ಹಿಂದಿನ ಒಳಚಕ್ರ ಮೊದಲು ನೆಲ ಬಿಡುತ್ತದೆ. ಮುಂದೆ ಕುಳಿತ ಚಾಲಕನಿಗೆ ಅದು ತಿಳಿಯುವ ಹೊತ್ತಿಗೆ ಕೈಮೀರಿರುತ್ತದೆ. ಆದ್ದರಿಂದ ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು, ತಿರುವಿನ ಒಳಗೆ ಬ್ರೇಕ್ ಒತ್ತಬಾರದು.

ಮಿಶ್ರ ಸರಕನ್ನು ಕಳುಹಿಸುವಾಗ ಭಾರವಾದುದನ್ನು ಕೆಳಗೆ, ಹಗುರವಾದುದನ್ನು ಮೇಲೆ ಇಡಿಸುವುದು ವರ್ತಕರ ಹೊಣೆ. ಇಳಿಸುವ ಅನುಕೂಲವನ್ನಷ್ಟೇ ನೋಡಿ ಇದನ್ನು ತಿರುವುಮುರುವು ಮಾಡಕೂಡದು.

ಸರಕನ್ನು ಬಿಗಿಯುವ ಕ್ರಮ

ಯೂರೋಪಿನ ದೇಶಗಳಲ್ಲಿ ಪಾಲಿಸುವ ಮಾನದಂಡದ ಪ್ರಕಾರ, ಸರಕನ್ನು ಮುಂದಕ್ಕೆ ಜರುಗದಂತೆ ಅದರ ತೂಕದ ಶೇಕಡ 80ರಷ್ಟು ಬಲಕ್ಕೂ, ಪಕ್ಕಕ್ಕೆ ಮತ್ತು ಹಿಂದಕ್ಕೆ ಜರುಗದಂತೆ ಶೇಕಡ 50ರಷ್ಟು ಬಲಕ್ಕೂ ತಡೆಯುವಂತೆ ಬಿಗಿಯಬೇಕು. ತಾರ್ಪಾಲಿನ ಮೇಲೆ ಎಳೆದು ಕಟ್ಟಿದ ಹಗ್ಗವು ಮಳೆಯಿಂದ ರಕ್ಷಿಸಬಹುದೇ ಹೊರತು ಇಷ್ಟು ಬಲವನ್ನು ತಡೆಯಲಾರದು. ಮರದ ದಿಮ್ಮಿಗಳಿಗೆ ಎರಡೂ ಬದಿ ಉಕ್ಕಿನ ಗೂಟಗಳು, ಅವುಗಳ ನಡುವೆ ಸರಪಣಿ, ಮೇಲೆ ಬಿಗಿಪಟ್ಟಿ ಇವೆಲ್ಲವೂ ಅಗತ್ಯ. ದಿಮ್ಮಿಗಳ ತೊಗಟೆ ಸಡಿಲಗೊಂಡಂತೆ ಸರಪಣಿಯೂ ಸಡಿಲವಾಗುವುದರಿಂದ ಹೊರಟ ಕೆಲವು ಕಿಲೋಮೀಟರುಗಳಲ್ಲೇ ನಿಲ್ಲಿಸಿ ಮತ್ತೆ ಬಿಗಿಯಬೇಕು. ಮೂಟೆಗಳನ್ನು ಇಟ್ಟಿಗೆ ಕಟ್ಟಡದಂತೆ ಒಂದರ ಸಂದಿಯ ಮೇಲೆ ಇನ್ನೊಂದು ಬರುವಂತೆ ಜೋಡಿಸಬೇಕು. ಮುಂದಿನ ತಡೆಗೋಡೆಗೂ ಮೊದಲ ಸಾಲಿಗೂ ನಡುವೆ ಜಾಗ ಬಿಟ್ಟರೆ, ಬ್ರೇಕ್ ಹಾಕಿದಾಗ ಇಡೀ ಲೋಡು ಆ ಜಾಗವನ್ನು ತುಂಬಲು ನುಗ್ಗುತ್ತದೆ. ಭಾರಹಂಚಿಕೆಗಾಗಿ ಜಾಗ ಬಿಡಲೇಬೇಕಾದಲ್ಲಿ ಅದನ್ನು ಮರದ ಹಲಗೆ ಅಥವಾ ಪ್ಯಾಲೆಟ್‌ಗಳಿಂದ ಭದ್ರವಾಗಿ ತುಂಬಿಸತಕ್ಕದ್ದು.

ಬ್ರೇಕ್ ಮತ್ತು ನಿಲುಗಡೆಯ ದೂರ

ಅಪಾಯವನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಿ, ಗಾಳಿಯ ಒತ್ತಡ ಹಿಂದಿನ ಚಕ್ರಗಳವರೆಗೆ ತಲುಪಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆಂದು ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ವಾಹನ 25 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕಿನಿಂದ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 60 ಮೀಟರ್. ಒದ್ದೆ ರಸ್ತೆಯಲ್ಲಿ ಇದು 80 ಮೀಟರ್ ಆಗುತ್ತದೆ. ವೇಗ 40 ಕಿ.ಮೀ. ಇದ್ದರೆ ಒಣ ರಸ್ತೆಯಲ್ಲಿ 32 ಮೀಟರ್, ಒದ್ದೆ ರಸ್ತೆಯಲ್ಲಿ 41 ಮೀಟರ್ ಸಾಕು. ಬ್ರೇಕ್ ಕೊರತೆಯಿದ್ದರೆ ಅಥವಾ ಟೈರ್ ಸವೆದಿದ್ದರೆ ಈ ಅಂಕಿಗಳೆಲ್ಲ ಹೆಚ್ಚುತ್ತವೆ.

ಹಾರ್ಸ್ ಮತ್ತು ಟ್ರೈಲರ್ ನಡುವೆ ಎರಡು ಗಾಳಿ ಕೊಳವೆಗಳಿರುತ್ತವೆ. ಕೆಂಪು ಬಣ್ಣದ್ದು ಟ್ರೈಲರ್‌ನ ಟ್ಯಾಂಕಿಗೆ ಗಾಳಿ ತುಂಬಿಸುತ್ತದೆ. ಹಳದಿಯದು ಬ್ರೇಕಿನ ಆಜ್ಞೆಯನ್ನು ಒಯ್ಯುತ್ತದೆ. ಹಳದಿ ಕೊಳವೆ ಸೋರುತ್ತಿದ್ದರೆ ಹಾರ್ಸ್‌ನ ಬ್ರೇಕ್ ಮಾತ್ರ ಹಿಡಿದು, ಹಿಂದಿನ ಮೂವತ್ತು ಟನ್ ಹಾರ್ಸ್‌ನ ಬೆನ್ನನ್ನು ಒತ್ತುತ್ತದೆ. ಆಗ ಜೋಡಣೆಯು ಮಡಿಸುವ ಚಾಕುವಿನಂತೆ ನಡುವೆ ಮಡಚಿಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಖಾಲಿ ಟ್ರೈಲರ್‌ನೊಂದಿಗೆ ಗಡಸಾಗಿ ಬ್ರೇಕ್ ಹಾಕಿದಾಗಲೂ ಇದೇ ಆಗಬಹುದು. ಲೋಡು ಇಳಿಸಿ ಮರಳುವಾಗ ಅಪಾಯವಿಲ್ಲವೆಂಬ ನಂಬಿಕೆ ಸರಿಯಲ್ಲ.

ಹೊರಡುವ ಮುನ್ನ ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಮಾಪಕದ ಮುಳ್ಳು ಇಳಿಯುವುದೇ ಎಂದು ನೋಡಬೇಕು. ಸೋರುವ ಸದ್ದಿಗೆ ಕಿವಿಗೊಡಬೇಕು. ನಂತರ ಟ್ರೈಲರ್ ಬ್ರೇಕನ್ನು ಮಾತ್ರ ಹಿಡಿದು ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಇದರಿಂದ ಕಿಂಗ್‌ಪಿನ್ ಬೀಗವೂ ಟ್ರೈಲರ್ ಬ್ರೇಕೂ ಒಟ್ಟಿಗೇ ಪರೀಕ್ಷೆಗೊಳಪಡುತ್ತವೆ.

ನಮ್ಮ ಮಾರ್ಗಗಳು, ನಮ್ಮ ಅಪಾಯಗಳು

ಮೈಸೂರಿನಿಂದ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ಮೂಲಕ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ನಮ್ಮ ಮುಖ್ಯ ಮಾರ್ಗ. ಇದರಲ್ಲಿ ಮಡಿಕೇರಿಯಿಂದ ಸಂಪಾಜೆಯವರೆಗಿನ ಘಾಟಿಯು ಭಾರಿ ವಾಹನಗಳಿಗೆ ನಿಜವಾದ ಪರೀಕ್ಷೆ. 42 ಟನ್ನಿನ ವಾಹನವು ಸುಮಾರು ಒಂದು ಸಾವಿರ ಮೀಟರ್ ಎತ್ತರ ಇಳಿಯುವಾಗ ತಡೆಯಬೇಕಾದ ಶಕ್ತಿಯು, 1,300 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖಕ್ಕೆ ಸಮ. ಇಷ್ಟನ್ನೂ ಬ್ರೇಕ್ ಡ್ರಮ್ಮುಗಳ ಮೇಲೆಯೇ ಹಾಕಿದರೆ ಅವು ಕಾದು ಹಿಡಿತ ಕಳೆದುಕೊಳ್ಳುವುದು ಸಹಜ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಇಳಿದು, ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕಿನಿಂದ ವೇಗವನ್ನು ಹಿಡಿದಿಟ್ಟು, ಕಾಲಿನ ಬ್ರೇಕನ್ನು ಆಗಾಗ ಮಾತ್ರ ಬಳಸಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವುದು ಆತ್ಮಘಾತುಕ ಅಭ್ಯಾಸ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಈ ಘಾಟಿ ರಸ್ತೆಯೇ ಕುಸಿದುದನ್ನು ನಾವು ಮರೆಯುವಂತಿಲ್ಲ. ಮಳೆಗಾಲದಲ್ಲಿ ಕೊಡಗು ಜಿಲ್ಲಾಡಳಿತವು ಭಾರಿ ಸರಕು ವಾಹನಗಳಿಗೆ ನಿರ್ಬಂಧ ವಿಧಿಸುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಕಡೆಗೆ ಸರಕು ಕಳುಹಿಸುವ ಸದಸ್ಯರು ಆ ದಿನದ ಆದೇಶವನ್ನು ವಿಚಾರಿಸಿಯೇ ಲೋಡು ತುಂಬಿಸಬೇಕು.

ಹೆಚ್.ಡಿ. ಕೋಟೆಯಿಂದ ಅಂತರಸಂತೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯು ನಾಗರಹೊಳೆ ಅರಣ್ಯದ ಮೂಲಕ ಹಾದುಹೋಗುವುದರಿಂದ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಮುಚ್ಚಿರುತ್ತದೆ. ಗುಂಡ್ಲುಪೇಟೆಯ ಮೂಲಕ ಬಂಡೀಪುರ ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ಆದಕಾರಣ ರಾತ್ರಿ ಕೇರಳಕ್ಕೆ ಹೋಗುವ ವಾಹನಗಳಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವೇ ಬದಲಿ ದಾರಿಯಾಗಿದೆ. ಅರಣ್ಯದ ಗೇಟು ಮುಚ್ಚುವುದರೊಳಗೆ ತಲುಪಬೇಕೆಂಬ ಧಾವಂತವೇ ಅನೇಕ ಅನಾಹುತಗಳ ಮೂಲ. ಮಧ್ಯಾಹ್ನ ಮೂರಕ್ಕೆ ಲೋಡು ಮುಗಿಸಿ ‘ಗೇಟು ಹಾಕುವುದರೊಳಗೆ ದಾಟಿಬಿಡು’ ಎಂದು ಚಾಲಕನನ್ನು ಕಳುಹಿಸುವ ಬದಲು, ಮರುದಿನ ಬೆಳಿಗ್ಗೆ ಹೊರಡಿಸುವುದು ವಿವೇಕ.

ಬಿಳಿಕೆರೆಯಿಂದ ಕೆ.ಆರ್. ನಗರ, ಹೊಳೆನರಸೀಪುರ ಮೂಲಕ ಹಾಸನಕ್ಕೆ ಹೋಗುವ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಮತ್ತು ಎತ್ತಿನ ಗಾಡಿಗಳು ಹಿಂದೀಪವಿಲ್ಲದೆ ಸಂಚರಿಸುವುದು ಸಾಮಾನ್ಯ. ಇದಿರು ವಾಹನದ ಬೆಳಕು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಇವು ಕಾಣುವುದೇ ಇಲ್ಲ. ದೀಪದ ಬೆಳಕು ತಲುಪುವ ದೂರದೊಳಗೆ ನಿಲ್ಲಬಲ್ಲ ವೇಗವೇ ರಾತ್ರಿಯ ವೇಗ ಎಂಬ ಸೂತ್ರವನ್ನು ಚಾಲಕರಿಗೆ ಮನವರಿಕೆ ಮಾಡಿಕೊಡಬೇಕು.

ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ನಮ್ಮ ಭಾಗದ ಮತ್ತೊಂದು ವಾಸ್ತವ. ಹುರುಳಿ ಸೊಪ್ಪು ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ತಗುಲಿ ಹೊತ್ತಿಕೊಳ್ಳಬಹುದು. ಒಣಸೊಪ್ಪಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಇಂತಹ ಜಾಗ ದಾಟಿದ ಕೂಡಲೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಗಾಡಿಯ ಅಡಿಭಾಗವನ್ನು ನೋಡಬೇಕು. ಅಗ್ನಿಶಾಮಕ ಸಿಲಿಂಡರ್ ಕ್ಯಾಬಿನ್ನಿನಲ್ಲಿ ಕೈಗೆಟುಕುವಂತಿರಬೇಕು.

ಪಟ್ಟಣದೊಳಗಿನ ತಿರುವುಗಳಲ್ಲಿ ಟ್ರೈಲರ್‌ನ ಹಿಂಚಕ್ರಗಳು ಹಾರ್ಸ್‌ನ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಸರಿಯುತ್ತವೆ. 15 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ 8 ಮೀಟರ್ ಅಂತರದ ಟ್ರೈಲರ್ ಸುಮಾರು 2.3 ಮೀಟರ್ ಒಳಕ್ಕೆ ಬರುತ್ತದೆ. ಎಡಕ್ಕೆ ತಿರುಗುವಾಗ ಒಳಬದಿಯಲ್ಲಿ ನಿಂತ ದ್ವಿಚಕ್ರ ಸವಾರನೋ ಸಂತೆಗೆ ಬಂದ ಪಾದಚಾರಿಯೋ ಈ ಜಾಗದಲ್ಲೇ ಸಿಲುಕಿಕೊಳ್ಳುತ್ತಾರೆ. ಎಡ ಕನ್ನಡಿಯಲ್ಲಿ ನೋಡಿದರೂ ಈ ಜಾಗದ ಸ್ವಲ್ಪ ಭಾಗ ಮರೆಯಾಗಿಯೇ ಉಳಿಯುತ್ತದೆ. ಹಿಮ್ಮುಖವಾಗಿ ಗೋದಾಮಿಗೆ ತರುವಾಗ ಕ್ಲೀನರ್ ಅಥವಾ ಗೋದಾಮಿನ ಒಬ್ಬ ನೌಕರ, ಚಾಲಕನ ಕನ್ನಡಿಗೆ ಕಾಣುವಂತೆ ನಿಂತು ದಾರಿ ತೋರಿಸುವುದು ಕಡ್ಡಾಯವಾಗಬೇಕು.

ಚಾಲಕನ ವಿಶ್ರಾಂತಿ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಮತ್ತು ಸತತ 5 ಗಂಟೆಯ ನಂತರ ಕನಿಷ್ಠ ಅರ್ಧ ಗಂಟೆಯ ವಿರಾಮ ಎಂಬ ಅಳತೆಯನ್ನು ರೂಪಿಸಿತು. ಕಾರ್ಮಿಕ ಕಾನೂನುಗಳು ಈಗ ಸಂಹಿತೆಗಳಾಗಿ ಪುನರ್ರಚನೆಗೊಂಡಿದ್ದರೂ ಈ ಅಳತೆಯ ಹಿಂದಿನ ವಿವೇಕ ಬದಲಾಗಿಲ್ಲ. ವಾಸ್ತವದಲ್ಲಿ ಚಾಲಕನು ಹಗಲೆಲ್ಲ ಲೋಡಿಂಗ್‌ಗಾಗಿ ನಮ್ಮ ಗೇಟಿನ ಮುಂದೆ ಬಿಸಿಲಿನಲ್ಲಿ ಕಾದು, ರಾತ್ರಿ ಪ್ರಯಾಣ ಆರಂಭಿಸುತ್ತಾನೆ. ಕಾದ ಹೊತ್ತನ್ನು ನಾವು ವಿಶ್ರಾಂತಿ ಎಂದು ಲೆಕ್ಕ ಹಾಕುತ್ತೇವೆ. ಅವನ ದೇಹ ಹಾಗೆ ಲೆಕ್ಕ ಹಾಕುವುದಿಲ್ಲ. ಟ್ರೈಲರ್‌ಗೆ ಬರುವ ವೇಳೆಯನ್ನು ಮೊದಲೇ ನಿಗದಿಪಡಿಸುವುದು, ಗೋದಾಮಿನಲ್ಲಿ ಮಲಗಲು ನೆರಳಿನ ಜಾಗ, ಕುಡಿಯುವ ನೀರು ಹಾಗೂ ಶೌಚಾಲಯ ಒದಗಿಸುವುದು ದಾನಧರ್ಮವಲ್ಲ, ಸರಕಿನ ರಕ್ಷಣೆ.

ಇ-ವೇ ಬಿಲ್ಲಿನ ಅವಧಿ ಮುಗಿಯುತ್ತದೆಂಬ ಆತಂಕವೂ ಚಾಲಕರನ್ನು ಓಡಿಸುತ್ತದೆ. 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿಯಿದೆ. ಘಾಟಿ ಬಂದಾಗಿ ಅಥವಾ ಗಾಡಿ ಕೆಟ್ಟು ತಡವಾದಲ್ಲಿ, ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು. ಈ ಮಾತನ್ನು ಚಾಲಕನಿಗೆ ಹೇಳಿ ಕಳುಹಿಸಿದರೆ ಅವನು ಕಾಗದಕ್ಕಾಗಿ ಪ್ರಾಣ ಪಣಕ್ಕಿಡುವುದಿಲ್ಲ.

ಕಾನೂನಿನ ಹೊಣೆ ಯಾರದು?

‘ಗಾಡಿ ನಮ್ಮದಲ್ಲ, ದಂಡ ಬಿದ್ದರೆ ಗಾಡಿಯವರು ಕಟ್ಟಿಕೊಳ್ಳುತ್ತಾರೆ’ ಎಂಬ ಮಾತು ಕೇಳಿಬರುತ್ತದೆ. ಮೋಟಾರು ವಾಹನಗಳ ಕಾಯ್ದೆಯ 194ನೇ ಕಲಮು ಅಧಿಕ ಭಾರದ ವಾಹನವನ್ನು ಓಡಿಸುವವರನ್ನಷ್ಟೇ ಅಲ್ಲದೆ, ಓಡಿಸಲು ಕಾರಣರಾದವರನ್ನೂ ಅವಕಾಶ ಕೊಟ್ಟವರನ್ನೂ ಒಳಗೊಳ್ಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ದಂಡವು 20,000 ರೂಪಾಯಿ ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಜೊತೆಗೆ ಹೆಚ್ಚುವರಿ ಸರಕನ್ನು ಇಳಿಸುವ ಖರ್ಚು. ಐದು ಟನ್ ಹೆಚ್ಚಾಗಿ ತುಂಬಿಸಿದರೆ 30,000 ರೂಪಾಯಿ. ಸರಕು ಇಳಿಸುವವರೆಗೆ ವಾಹನ ಮುಂದೆ ಹೋಗುವಂತಿಲ್ಲ. ಐದು ಟನ್ನಿನ ಬಾಡಿಗೆ ಉಳಿತಾಯ ಎಷ್ಟೆಂದು ಪ್ರತಿಯೊಬ್ಬರೂ ಲೆಕ್ಕ ಹಾಕಿ ನೋಡಲಿ. ಸರಕು ಗಾಡಿಯ ಬದಿಗಳಿಂದ ಅಥವಾ ಹಿಂದಿನಿಂದ ಹೊರಚಾಚುವಂತೆ ತುಂಬಿಸಿದರೆ ಅದಕ್ಕೂ 20,000 ರೂಪಾಯಿ ದಂಡವಿದೆ.

ಸರಕಿನ ನಷ್ಟದ ವಿಚಾರದಲ್ಲೂ ಎಚ್ಚರ ಅಗತ್ಯ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಅನ್ವಯ, ವರ್ತಕನು ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದಲ್ಲಿ ಸಾಗಣೆದಾರನ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ಒಂದು ಟ್ರೈಲರ್ ಹೊಗೆಸೊಪ್ಪಿನ ಬೆಲೆಗೆ ಇದು ಯಾವ ಮೂಲೆಗೂ ಸಾಲದು. ಆದ್ದರಿಂದ ರವಾನೆ ಪತ್ರದಲ್ಲಿ ಸರಕಿನ ನಿಜವಾದ ತೂಕ ಮತ್ತು ಮೌಲ್ಯವನ್ನು ನಮೂದಿಸಿ, ಪ್ರತ್ಯೇಕ ಸಾಗಣೆ ವಿಮೆ ಮಾಡಿಸತಕ್ಕದ್ದು. ಅಧಿಕ ಭಾರ ಅಥವಾ ಸೂಕ್ತ ಲೈಸೆನ್ಸ್ ಇಲ್ಲದ ಚಾಲಕ ಎಂಬ ಸಂಗತಿಗಳು ವಿಮಾ ಕಂಪನಿಯು ತಕರಾರು ತೆಗೆಯಲು ನಾವೇ ಒದಗಿಸುವ ಅವಕಾಶಗಳು.

ಗೋದಾಮಿನ ಗೇಟಿನಲ್ಲಿ ಪಾಲಿಸಬೇಕಾದ ಕ್ರಮಗಳು

ಈ ಕೆಳಗಿನ ಪಟ್ಟಿಯನ್ನು ಗೋದಾಮಿನ ಗೋಡೆಯ ಮೇಲೆ ಅಂಟಿಸಿ, ಪ್ರತಿ ಟ್ರೈಲರ್ ಹೊರಡುವ ಮೊದಲು ಗುಮಾಸ್ತರೂ ಚಾಲಕರೂ ಒಟ್ಟಿಗೆ ನೋಡುವ ಪರಿಪಾಠ ಬೆಳೆಸಿಕೊಳ್ಳಬಹುದು.

1. ನೋಂದಣಿ ಪತ್ರ, ಅರ್ಹತಾ ಪತ್ರ, ವಿಮೆ, ಚಾಲಕನ ಭಾರಿ ವಾಹನದ ಲೈಸೆನ್ಸ್ ಇವು ಚಾಲ್ತಿಯಲ್ಲಿವೆಯೇ?
2. ಖಾಲಿ ತೂಕ ಮತ್ತು ತುಂಬಿದ ತೂಕದ ವೇಬ್ರಿಡ್ಜ್ ಚೀಟಿಗಳಿವೆಯೇ? ಸಾಧ್ಯವಾದಲ್ಲಿ ಹಾರ್ಸ್‌ನ ಚಕ್ರಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಪ್ರತ್ಯೇಕವಾಗಿ ತೂಗಲಾಗಿದೆಯೇ?
3. ಸರಕಿನ ಮಧ್ಯಭಾಗವು ಗುರುತಿನ ಆಸುಪಾಸಿನಲ್ಲಿದೆಯೇ? ಎಡ–ಬಲ ಭಾರ ಸಮನಾಗಿದೆಯೇ?
4. ಕಿಂಗ್‌ಪಿನ್ ಬೀಗ ಬಿದ್ದಿದೆಯೇ? ಟ್ರೈಲರ್‌ನ ಊರುಗಾಲುಗಳು ಪೂರ್ತಿ ಮೇಲೆ ಎತ್ತಲ್ಪಟ್ಟಿವೆಯೇ?
5. ಗಾಳಿ ಕೊಳವೆಗಳು ಸೋರದೆ, ಉಜ್ಜದೆ, ತಿರುಚಿಕೊಳ್ಳದೆ ಇವೆಯೇ?
6. ಟೈರುಗಳ ಗಾಳಿ, ಚಕ್ರದ ನಟ್ಟುಗಳು, ಜೋಡಿ ಟೈರುಗಳ ನಡುವೆ ಸಿಕ್ಕ ಕಲ್ಲು ಇವನ್ನು ನೋಡಲಾಗಿದೆಯೇ?
7. ಹಿಂದೀಪ, ಬ್ರೇಕ್ ದೀಪ, ಸೂಚಕ ದೀಪಗಳು ಉರಿಯುತ್ತಿವೆಯೇ? ಹೊಳೆಯುವ ಪಟ್ಟಿಗಳ ಮೇಲಿನ ಕೆಸರು ಒರೆಸಲಾಗಿದೆಯೇ?
8. ಪಟ್ಟಿ, ಸರಪಣಿಗಳು ಬಿಗಿಯಾಗಿವೆಯೇ? ಮೊದಲು ಎಲ್ಲಿ ನಿಂತು ಮರುಬಿಗಿಯಬೇಕೆಂದು ತಿಳಿಸಲಾಗಿದೆಯೇ?
9. ತ್ರಿಕೋನ ಎಚ್ಚರಿಕೆ ಫಲಕ ಮತ್ತು ಚಕ್ರಕ್ಕೆ ಒಡ್ಡುವ ಅಡ್ಡೆಗಳು ಗಾಡಿಯಲ್ಲಿವೆಯೇ? ರಾತ್ರಿ ಕೆಟ್ಟು ನಿಂತರೆ ಫಲಕವನ್ನು ಗಾಡಿಯ ಬುಡದಲ್ಲಲ್ಲದೆ ನೂರು ಮೀಟರ್ ಹಿಂದೆ ಇಡಬೇಕು. ಹಿಂದಿನಿಂದ ಬರುವ ವಾಹನಕ್ಕೆ ನಿಲ್ಲಲು ಅಷ್ಟು ದೂರ ಬೇಕೇಬೇಕು.
10. ಚಾಲಕನು ನಿದ್ರೆ ಮಾಡಿದ್ದಾನೆಯೇ? ಈ ಪ್ರಶ್ನೆಯನ್ನು ಕೇಳಿ, ಉತ್ತರ ಬರುವವರೆಗೆ ಕಾಯಬೇಕು.

ಈ ಹತ್ತು ಅಂಶಗಳಿಗೆ ತಗಲುವ ಸಮಯ ಅರ್ಧ ಗಂಟೆ. ಖರ್ಚು ಬಹುಮಟ್ಟಿಗೆ ಇಲ್ಲವೆನ್ನಬಹುದು. ಇದರಲ್ಲಿ ಒಂದಾದರೂ ‘ಇಲ್ಲ’ ಎಂದಾದರೆ ಗಾಡಿ ಹೊರಡಬಾರದು ಎಂಬ ಅಧಿಕಾರವನ್ನು ಮಾಲೀಕರು ತಮ್ಮ ಗುಮಾಸ್ತರಿಗೂ ಚಾಲಕನಿಗೂ ಬಾಯಿಮಾತಿನಲ್ಲಲ್ಲದೆ ಬರವಣಿಗೆಯಲ್ಲಿ ಕೊಡುವುದು ಲೇಸು. ಯಜಮಾನರು ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಹೊರಟ ಗಾಡಿಗಳೇ ಹೆಚ್ಚು. ಹರಾಜಿನ ಮತ್ತು ಸುಗ್ಗಿಯ ತಿಂಗಳುಗಳು ಆರಂಭವಾಗುವ ಮೊದಲೇ ನಾಲ್ಕೂ ತಾಲ್ಲೂಕುಗಳ ಸದಸ್ಯರು ತಮ್ಮ ಹಮಾಲಿ ಮೇಸ್ತ್ರಿಗಳನ್ನೂ ಸಾಗಣೆದಾರರನ್ನೂ ಒಂದು ದಿನ ಕೂರಿಸಿ, ಒಂದು ಟ್ರೈಲರ್ ನಿಲ್ಲಿಸಿಕೊಂಡು ಈ ಪಟ್ಟಿಯನ್ನು ಪ್ರತ್ಯಕ್ಷವಾಗಿ ತೋರಿಸಿಕೊಡುವುದು ಅಪೇಕ್ಷಣೀಯ.